ಓಡಿದ್ದಕ್ಕೆ ಮಾತ್ರ ತೆರೆಯುವ ಚಾಕು

ಆಕೆ ತೀರಿಕೊಂಡ ಮೇಲೆ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ದುಃಖ ಅಂತ ಹೇಳಿದರೆ ಅರ್ಧ ಸುಳ್ಳಾದೀತು. ನಮ್ಮದು ರಕ್ತಸಂಬಂಧವಲ್ಲ, ಒಂದು ಜಾತಿಯಲ್ಲ, ಒಂದು ಪಂಕ್ತಿಯಲ್ಲಿ ಉಂಡವರೂ ಅಲ್ಲ. ಗೋಡೆಯಾಚೆಯ ಮನೆಯಾಕೆ, ಅಷ್ಟೆ. ಆದರೆ ಆ ಗೋಡೆಯಾಚೆಯಿಂದ ಹಗಲೆಲ್ಲ ಒಂದು ಸಪ್ಪಳ ಬರುತ್ತಿತ್ತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಈಗ ಅದಿಲ್ಲ. ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿರುತ್ತೇನೆ, ಕಿವಿ ಗೋಡೆಗೆ ಹೋಗಿ ಬರಿಗೈಲಿ ವಾಪಸು ಬರುತ್ತದೆ. ಎದ್ದು ನೀರು ಕುಡಿಯುತ್ತೇನೆ, ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬಂದು ಕೂಡುತ್ತೇನೆ.

ನಾನು ಬನಹಟ್ಟಿಯವಳು. ಅಪ್ಪ ಇನ್ನೊಬ್ಬರ ಪವರ್‌ಲೂಮಿನಲ್ಲಿ ಸೀರೆ ನೇಯ್ದರು, ನಾನು ಆ ಖಡಖಡದಲ್ಲೇ ಓದಿದೆ. ಬಸ್ಸಿನಲ್ಲಿ ನಿಂತುಕೊಂಡೇ ಜಮಖಂಡಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ. ನಮ್ಮ ಎರಡೂ ಕಡೆಯ ಮನೆತನದಲ್ಲಿ ಅದಕ್ಕೂ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಇದನ್ನು ಹೇಳಿಕೊಳ್ಳಬಾರದು ಅನ್ನುವವರಿದ್ದಾರೆ. ಅವರ ಅಪ್ಪಂದಿರು ಓದಿದವರಿರಬೇಕು. ನಾನು ಹೇಳಿಕೊಳ್ಳುತ್ತೇನೆ. ವಿಜ್ಞಾನದ ಟೀಚರಾಗಿ ಗಲಗಲಿ ಕಡೆಯ ಈ ಹೊಳೆದಂಡೆಯ ಊರಿಗೆ ಬಂದಾಗ ಸುತ್ತ ಬರೀ ಕಬ್ಬು, ಅದರ ಮೇಲೆ ಗಾಳಿ. ಆ ಶಾಂತಿಗೆ ನನ್ನ ತಲೆ ಕೆಟ್ಟುಹೋಗಿತ್ತು. ಮಗ್ಗವಿಲ್ಲದ ಊರಲ್ಲಿ ಜನ ಹೇಗೆ ಬದುಕುತ್ತಾರೆ ಅನ್ನಿಸಿತ್ತು. ಆಗ ಈ ಟಕ್ ಕೇಳಿಸಿತು. ಇಣುಕಿ ನೋಡಿದೆ.

ಕಟ್ಟೆಯ ಮೇಲೆ ಒಬ್ಬ ಮುದುಕಿ. ಒಣಕಲು ಮೈ, ಉದ್ದ ಕೈ, ಹಣೆಯ ಮೇಲೆ ಹಚ್ಚೆ. ತೊಡೆಯ ಮೇಲೆ ಎಲೆಸಂಚಿ. ಬಲಗೈಯಲ್ಲಿ ಕೋಡಿನ ಹಿಡಿಯ ಒಂದು ಮಡಚು ಚಾಕು. ಹೆಬ್ಬೆರಳಿನ ಉಗುರಿನಿಂದ ಅದರ ಅಲಗನ್ನು ಒಂದು ಜೋಳದ ಕಾಳಿನಷ್ಟು ಎತ್ತುತ್ತಾಳೆ, ಬಿಡುತ್ತಾಳೆ. ಅದು ಹಿಡಿಯೊಳಗೆ ಹೋಗಿ ಬೀಳುತ್ತದೆ. ಟಕ್.

"ಏನ್ ನೋಡ್ತೀರಿ ಅಕ್ಕೋರ? ಹೆದರಬ್ಯಾಡ್ರಿ, ಮಾಸ್ತರಗಳನ್ನ ಕೊಯ್ಯಾಂಗಿಲ್ಲ ನಾ," ಅಂದಳು.

"ನಾ ಹೆದರೂದಿಲ್ಲರಿ ಆಯಿ. ಅದನ್ನ ಪೂರ್ತಿ ಯಾಕ ತೆಗ್ಯಾಂಗಿಲ್ಲ ನೀವು?"

"ಇದು ಓಡಿದ್ದಕ್ಕ ಮಾತ್ರ ತೆರೀತೈತಿ."

ಅವತ್ತು ಇದೊಂದು ಸೊಕ್ಕಿನ ಮಾತು ಅಂದುಕೊಂಡೆ. ಸೊಕ್ಕು ಇತ್ತು ಕೂಡ. ಆದರೆ ಆಕೆ ಆ ಮಾತಿಗೆ ತನ್ನ ಊಟ, ಮರ್ಯಾದೆ ಎಲ್ಲವನ್ನೂ ಕಟ್ಟಿ ಕೂತಿದ್ದಳು ಅನ್ನುವುದು ಬರಬರುತ್ತ ಗೊತ್ತಾಯಿತು.

ಆಕೆಯದು ಹಿಂದಿನಿಂದಲೂ ಬೇಟೆ ಆಡಿಕೊಂಡು ಬಂದ ಮನೆತನ. ಗಂಡಸರು ಸಣಕಲು ಹೊಟ್ಟೆಯ ಮುಧೋಳದ ನಾಯಿಗಳನ್ನು ಕಟ್ಟಿಕೊಂಡು ಹೋಗುವವರು. ಮೊಲವೋ ಹಂದಿಯೋ ಬಿದ್ದರೆ ಅಲ್ಲಿಗೆ ಅವರ ಕೆಲಸ ಆಯಿತು. ಅಲ್ಲಿಂದ ಮುಂದಿನದು ಚಾಕು ಹಿಡಿದವರದು. ಆ ಚಾಕು ಆಕೆಗೆ ಅತ್ತೆಯಿಂದ ಬಂದದ್ದು. ಬಿಚ್ಚುವುದು, ಕೊಯ್ಯುವುದು, ಪಾಲು ಮಾಡುವುದು ಮೂರೂ ಆಕೆಯ ಹಕ್ಕು. ಅದಕ್ಕೆ 'ಚಾಕಿನ ಪಾಲು' ಅಂತ ಒಂದು ಪಾಲು. ನಾಯಿಗೊಂದು, ಬೇಟೆ ಬಿದ್ದ ಹೊಲದ ಒಡೆಯನಿಗೊಂದು, ಓಡಿದವರಿಗೆ ತಲೆಗೊಂದು, ಚಾಕಿಗೊಂದು.

ನಾನು ಈ ಊರಿಗೆ ಬರುವ ಹೊತ್ತಿಗೆ ಅದೆಲ್ಲ ನಿಂತುಹೋಗಿತ್ತು. ಕಾಯಿದೆ ಬಿಗಿಯಾಗಿತ್ತು, ಒಂದಿಬ್ಬರ ಮೇಲೆ ಕೇಸೂ ಆಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಕಾಡುಪ್ರಾಣಿ ಹೊಡೆಯುವುದು ಅಪರಾಧ ಅಂತ ಪಾಠ ಮಾಡುವವಳು ನಾನೇ. ಆಕೆಗೂ ನೇರ ಹೇಳಿದೆ.

"ಬಿಟ್ಟದ್ದ ಛಲೋನ ಆತು," ಅಂದಳು. "ಮೊಲಾನೂ ಮೊದಲಿನಂಗ ಎಲ್ಲಿ ಉಳದಾವ? ನನಗ ತಿಳಿತೈತಿ. ಈ ಕೈಗೆ ತಿಳ್ಯಾಂಗಿಲ್ಲ ನೋಡು." ಟಕ್.

ಆಕೆ ಆ ಚಾಕಿನಿಂದ ಹೇಗೆ ಕೆಲಸ ಮಾಡುತ್ತಿದ್ದಳು ಅನ್ನುವುದನ್ನು ನಾನು ನೋಡಿದ್ದು ನನ್ನ ಸ್ವೆಟರಿನ ಮೇಲೆ. ಒಂದು ಚಳಿಯ ಮುಂಜಾನೆ ಕೇಳಿದೆ, ಇಷ್ಟು ಸಣ್ಣ ಚಾಕಿನಿಂದ ಪ್ರಾಣಿ ಕೊಯ್ಯುವುದು ಹೇಗೆ, ಕೊಡಲಿ ಬೇಡವೇ ಅಂತ. "ಬಿಚ್ಚಿಲ್ಲಿ," ಅಂದಳು. ಬಿಚ್ಚಿಕೊಟ್ಟೆ. ಕಟ್ಟೆಯ ಮೇಲೆ ಸ್ವೆಟರು ಅಂಗಾತ ಮಲಗಿತು. ತೋಳುಗಳು ಹಿಂಗಾಲಾದವು. ಮಡಚಿದ ಚಾಕನ್ನೇ ಹಿಡಿದು ತೋರಿಸಿದಳು. ಹಿಂಗಾಲಿನ ಗೆಣ್ಣಿನ ಸುತ್ತ ಒಂದು ಗೆರೆ, ತೊಡೆಯ ಒಳಗಿನಿಂದ ಇನ್ನೊಂದು, ಆಮೇಲೆ ಚಾಕಿಗೆ ಕೆಲಸವೇ ಇಲ್ಲ, ಚರ್ಮವನ್ನು ಕೈಯಿಂದಲೇ ಮಗುವಿನ ಅಂಗಿ ಕಳೆದ ಹಾಗೆ ಎಳೆಯುವುದು. ಹೊಟ್ಟೆಗೆ ಬಂದಾಗ ಎರಡು ಬೆರಳು ಮುಂದೆ, ಅವುಗಳ ನಡುವೆ ಅಲಗು. "ಉದ್ದನ್ನ ಚಾಕು ಇದ್ರ ಕರಳ ತೂತಾಕ್ಕೈತಿ. ತೂತಾತೋ ಹೊಲಸ ಆತು, ಮಂದಿ ಮೂಗ ಮುಚ್ಚತಾರು." ಎಲುಬು ಕಡಿಯುವುದೇ ಇಲ್ಲ. ಕೀಲು ಎಲ್ಲಿದೆಯೋ ಅಲ್ಲಿ ಚಾಕಿನ ತುದಿ ಇಟ್ಟು ತಿರುಗಿಸುವುದು. ನನ್ನ ಸ್ವೆಟರಿನ ಕುತ್ತಿಗೆಯ ಹತ್ತಿರ ಅದನ್ನು ತಿರುಗಿಸಿ ತೋರಿಸಿದಾಗ ನಾನು ಸ್ವಲ್ಪ ಹಿಂದಕ್ಕೆ ಸರಿದೆ.

"ಮುಗೀತು. ಹಾಕ್ಕೋ," ಅಂದಳು.

ಕೆಲಸ ಮುಗಿದ ಮೇಲಿನ ಕೆಲಸವೇ ದೊಡ್ಡದಂತೆ. ಮಡಚು ಚಾಕಿಗೆ ಶತ್ರು ಅಂದರೆ ಮಡಿಕೆಯೊಳಗೆ ಉಳಿದ ನೆತ್ತರು. ಬಿಸಿನೀರಲ್ಲಿ ಅದ್ದಿ, ಕಸಬರಿಗೆಯ ಕಡ್ಡಿಯಿಂದ ಸಂದಿ ಕೆರೆದು, ಬೂದಿಯಲ್ಲಿ ತಿಕ್ಕಿ, ಒಲೆಯ ಮುಂದೆ ಒಣಗಿಸಿ, ಮೊಳೆಯ ಮೇಲೆ ಒಂದು ಹನಿ ಕುಸುಬಿ ಎಣ್ಣೆ. ಕೆಲಸವಿಲ್ಲದ ಚಾಕಿಗೂ ಆಕೆ ಎಣ್ಣೆ ಬಿಡುವುದು ತಪ್ಪಿಸಲಿಲ್ಲ.

ಎಲ್ಲವೂ ಸರಿ ಹೇಳುತ್ತಿದ್ದಳು ಅಂತ ಅಲ್ಲ. ಮೊಲಕ್ಕೆ ಹೆಂಗಸರ ಹಾಗೆ ತಿಂಗಳಿಗೊಮ್ಮೆ ಮುಟ್ಟಾಗುತ್ತದೆ ಅನ್ನುತ್ತಿದ್ದಳು. ಇಲ್ಲ ಅಂದೆ.

"ನೀ ಎಷ್ಟ ಮೊಲ ತೆರದೀಯವ್ವಾ?"

"ಒಂದೂ ಇಲ್ಲ."

"ಹಂಗಾರ ಸುಮ್ಮ ಕುಂದ್ರು."

ನಾನು ಸುಮ್ಮನೆ ಕೂಡಲಿಲ್ಲ. ಬೋರ್ಡಿನ ಮೇಲೆ ಬರೆದ ಹಾಗೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ವಿವರಿಸಿದೆ. ಆಕೆ ಎಲೆ ಅಗಿಯುತ್ತ ಎಲ್ಲ ಕೇಳಿ, "ಅಕ್ಷರ ದುಂಡಗ ಅದಾವ," ಅಂದಳು. ಇಬ್ಬರೂ ಸೋಲಲಿಲ್ಲ. ಈಗಲೂ ನಾನು ಹೇಳಿದ್ದೇ ಖರೆ.

ಬಾಯಿ ಕೆಟ್ಟದ್ದು. ನೆಗೆಣ್ಣಿಯನ್ನು, ಅಂದರೆ ಗಂಡನ ತಮ್ಮನ ಹೆಂಡತಿಯನ್ನು, ಚಾಕಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. "ಅಕಿ ಬದನಿಕಾಯಿ ಹೆಚ್ಚಿದ್ರನ ಮಂದಿ ಜಗಳಾಡ್ತಾರು," ಅನ್ನುತ್ತಿದ್ದಳು, ಆ ಬಡಪಾಯಿ ಕೇಳುವ ಹಾಗೆ. ಕೂತಲ್ಲಿ ಕೂಡುತ್ತಿರಲಿಲ್ಲ. ಕಟ್ಟೆಯಿಂದ ಹಿತ್ತಲಿಗೆ, ಹಿತ್ತಲಿಂದ ಕಬ್ಬಿನ ಬದುವಿಗೆ, ಬದುವಿನಿಂದ ಮತ್ತೆ ಕಟ್ಟೆಗೆ. ಎಲ್ಲೋ ನಾಯಿ ಬೊಗಳಿದರೆ ಸೆರಗು ಕಟ್ಟಿಕೊಂಡು ಎದ್ದುನಿಲ್ಲುತ್ತಿದ್ದಳು, ಯಾರೋ ಕರೆಯಲು ಬಂದರು ಅನ್ನುವ ಹಾಗೆ. ಯಾರೂ ಬರುತ್ತಿರಲಿಲ್ಲ. ಕೂಡುತ್ತಿದ್ದಳು. ಟಕ್.

ಪಾಲು ಹಾಕುವ ಪದ್ಧತಿಯನ್ನು ನಾನು ಆಕೆಯಿಂದಲೇ ಕೇಳಿದೆ. ಮುತ್ತಲ ಎಲೆಯ ಮೇಲೆ ಗುಡ್ಡೆಗುಡ್ಡೆಯಾಗಿ ಮಾಂಸ ಇಡಬೇಕು, ಪ್ರತಿ ಗುಡ್ಡೆಗೂ ಒಂದಿಷ್ಟು ಮೆತ್ತಗಿನದು, ಒಂದಿಷ್ಟು ಎಲುಬಿನದು. ಆಮೇಲೆ ಪಾಲು ಹಾಕುವವಳು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ಕೂಡಬೇಕು. ಇನ್ನೊಬ್ಬರು ಒಂದು ಕೋಲಿನಿಂದ ಗುಡ್ಡೆ ಮುಟ್ಟಿ, "ಇದು ಯಾರದು?" ಅಂತ ಕೇಳಬೇಕು. ಆಕೆ ಕಾಣದೆಯೇ ಹೆಸರು ಹೇಳಬೇಕು. ಹೆಸರು ಬಿದ್ದ ಗುಡ್ಡೆ ಅವರದು, ಮಾತಿಲ್ಲ. ಎಲ್ಲರೂ ಎತ್ತಿಕೊಂಡು ಹೋಗುವವರೆಗೆ ಆಕೆ ತಿರುಗುವ ಹಾಗಿಲ್ಲ.

"ತಿರಿಗಿದ್ರ ಏನಾಕ್ಕೈತ್ರಿ?"

"ಮಾರಿ ಕಾಣತಾವ. ಯಾರ ಮಾರಿ ಸಣ್ಣದಾತು, ಯಾರ ಮಾರಿ ಅರಳ್ತು, ಗೊತ್ತಾಕ್ಕೈತಿ. ಗೊತ್ತಾದ್ರ ಮುಂದಿನ ಸಲ ಕೈ ವಾಲತೈತಿ."

ಬೇಟೆ ನಿಂತ ಮೇಲೂ ಆ ಮನೆತನದವರು ಯುಗಾದಿ ಮರುದಿನದ ಪಾಲು ಬಿಟ್ಟಿರಲಿಲ್ಲ. ಮೊದಲು ಅವತ್ತು ಬೇಟೆಗೆ ಹೋಗುತ್ತಿದ್ದರು, ಈಗ ಎಲ್ಲರೂ ಸೇರಿ ಸಂತೆಯಿಂದ ಒಂದು ಟಗರು ತರುತ್ತಿದ್ದರು. ಮೊದಲ ವರ್ಷ ಆಕೆಯನ್ನೇ ಕರೆದರಂತೆ. ಆಕೆ ಬಂದು ಟಗರಿನ ಕೊರಳಿನ ಹಗ್ಗ ನೋಡಿ ವಾಪಸು ಹೋದಳಂತೆ. ಕಟ್ಟಿದ್ದಕ್ಕೆ ಈ ಚಾಕು ತೆರೆಯುವುದಿಲ್ಲ ಅಂತ. ಅಲ್ಲಿಂದ ಅವರು ಮಹಾಲಿಂಗಪುರದ ರಸ್ತೆಯ ಕೋಳಿ ಅಂಗಡಿಯವನನ್ನು ಕರೆಯತೊಡಗಿದರು. ಅವನು ದೊಡ್ಡ ಕತ್ತಿಯಲ್ಲಿ ಎಲುಬು ಸಮೇತ ಕೊಚ್ಚಿ ತಕ್ಕಡಿಯಲ್ಲಿ ತೂಗುತ್ತಿದ್ದ. ತೂಕ ಎಲ್ಲರಿಗೂ ಒಂದೇ, ಆದರೆ ಒಬ್ಬನಿಗೆ ಬರೀ ಪಕ್ಕೆಲುಬು, ಇನ್ನೊಬ್ಬನಿಗೆ ಬರೀ ತೊಡೆ. ಪ್ರತಿವರ್ಷ ಜಗಳ. ಈಕೆ ತನ್ನ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಒಂದು ಬುಟ್ಟಿಯಲ್ಲಿ ಆಕೆಗೂ ಕಳಿಸುತ್ತಿದ್ದರು. ಮುಟ್ಟುತ್ತಿರಲಿಲ್ಲ.

"ಪಾಲಾಗಿ ಬಂದ್ರ ಬರ್ಲಿ. 'ಪಾಪ, ಮುದುಕಿ' ಅಂತ ಬರೂದು ನನಗ ಬ್ಯಾಡ."

ಹೀಗೆ ಆ ಚಾಕು ತೆರೆಯಲೂ ಇಲ್ಲ, ಚಾಕಿನ ಪಾಲು ಬರಲೂ ಇಲ್ಲ. ಸಾಯುವುದರೊಳಗೆ ಇನ್ನೊಮ್ಮೆ ಅದನ್ನು ತೆರೆದು, ಬೆನ್ನು ತಿರುಗಿಸಿ ಕೂತು ಹೆಸರು ಹೇಳಬೇಕು. ಆಕೆಗೆ ಬೇಕಾದದ್ದು ಇಷ್ಟೆ. ಅದನ್ನು ಬಾಯಿಬಿಟ್ಟು ಕೇಳುವ ಹೆಂಗಸಲ್ಲ.

ಹೋದ ಯುಗಾದಿಗೆ ಪರೀಕ್ಷೆಯ ಕೆಲಸವಿತ್ತೆಂದು ನಾನು ಬನಹಟ್ಟಿಗೆ ಹೋಗಿರಲಿಲ್ಲ. ಮರುದಿನ ಮುಂಜಾನೆ ಆಕೆಯ ಗಂಡನ ತಮ್ಮ ನಾಲ್ಕಾರು ಜನರೊಡನೆ ಟಗರು ಹಿಡಿದುಕೊಂಡು ಬಂದ. ಅವನೂ ಎಪ್ಪತ್ತರ ಹತ್ತಿರದವನು, ತಮಾಷೆಯ ಮನುಷ್ಯ.

"ವೈನಿ, ಈ ವರ್ಷ ತಕ್ಕಡಿಯಂವನ್ನ ಕರ್ಯಾಂಗಿಲ್ಲ. ಹ್ವಾದ ವರ್ಷ ನನಗ ಬರೀ ಎಲುಬು ಬಂದಿದ್ವು. ನೀನ ಬರಬೇಕ ಬೇ."

"ಕಟ್ಟಿದ್ದ ತಂದೀರಿ."

"ಕಟ್ಟಲಾರದ ಹೆಂಗ ತರೂದು? ಬಸ್ಸಿನ್ಯಾಗ ಟಿಕೆಟ್ ತಗಿಸಿ ಬಾಜೂಕ ಕುಂದರಿಸ್ಕೊಂಡ ಬರೂದೇನು?"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಹೆಬ್ಬೆರಳು ಅಲಗಿನ ಮೇಲೆ ಆಡುತ್ತಿತ್ತು. ಮೈದುನ ಆ ಬೆರಳನ್ನೇ ನೋಡಿದ. ನನಗನಿಸುತ್ತದೆ, ಅವನಿಗೆ ಆಕೆಯ ಮನಸ್ಸು ನನಗಿಂತ ಚೆನ್ನಾಗಿ ಗೊತ್ತಿತ್ತು.

"ನಿನಗ ಓಡಿದ್ದ ಬೇಕು, ಹೌದಿಲ್ಲೊ? ಓಡಿಸ್ತೀನಿ ತಗೊ," ಅಂದು ಕೊರಳ ಹಗ್ಗ ಬಿಚ್ಚಿಬಿಟ್ಟ.

ಟಗರು ಓಡಲಿಲ್ಲ. ಎರಡು ಹೆಜ್ಜೆ ನಡೆದು ಆಕೆ ಒಣಹಾಕಿದ್ದ ಶಾವಿಗೆಗೆ ಬಾಯಿ ಹಾಕಿತು.

"ಇದೇನ ಓಡತೈತಿ," ಅಂದಳು. "ಬೀಗರ ಮನಿಗಿ ಬಂದಂಗ ಬಂದೈತಿ."

ಚಪ್ಪಾಳೆ ತಟ್ಟಿದರು, ಹುಯ್ ಅಂದರು. ಅದು ಶಾವಿಗೆ ಬಿಡಲಿಲ್ಲ. ಅಷ್ಟರಲ್ಲಿ ನನ್ನ ಅಡುಗೆಮನೆಯ ಕುಕ್ಕರು ಕೂಗಿತು. ಟಗರು ನಿಂತಲ್ಲಿಂದ ಜಿಗಿದು, ಕಟ್ಟೆ ಹಾರಿ, ಓಣಿಯಲ್ಲಿ ನೀರಿನ ಕೊಡ ಉರುಳಿಸಿ, ನೆಟ್ಟಗೆ ಕಬ್ಬಿನ ಕಡೆ ಹೋಯಿತು. ವರ್ಷಗಟ್ಟಲೆ ಏನನ್ನೂ ಬೆನ್ನಟ್ಟದ ನಾಯಿಗಳು ತಲೆ ಎತ್ತಿ ನೋಡಿ, ಯಾರಾದರೂ ಹೇಳಲಿ ಅಂತ ಕಾಯ್ದವು. ಗಂಡಸರು ಧೋತರ ಎತ್ತಿ ಓಡಿದರು. ಆಕೆ ಕಟ್ಟೆಯ ಮೇಲೆ ಎದ್ದುನಿಂತಳು. ಅಷ್ಟು ಎತ್ತರ ಇದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಹಿಂದ ಓಡಬ್ಯಾಡ್ರಲೇ, ಕಾಲುವಿ ಕಡಿ ಹೋಗಿ ಅಡ್ಡ ನಿಂದರ್ರಿ! ಗಾಳಿ ಯಾ ಕಡಿ ಐತಿ ನೋಡ್ರಿ!"

ಯಾರೂ ನೋಡಲಿಲ್ಲ. ಬೇಟೆ ಮರೆತು ವರ್ಷಗಳಾಗಿದ್ದವು. ಮಧ್ಯಾಹ್ನದವರೆಗೆ ಕಬ್ಬಿನ ಒಣಗರಿಯ ರವದಿಯಿಂದ ಕೈಕಾಲು ಗೀರಿಸಿಕೊಂಡು ಒಬ್ಬೊಬ್ಬರೇ ಬರಿಗೈಲಿ ಬಂದರು. ಆ ವರ್ಷ ಯಾರ ಮನೆಯಲ್ಲೂ ಮಾಂಸ ಬೇಯಲಿಲ್ಲ. ನನ್ನ ಕುಕ್ಕರನ್ನು ಬೈದರು. ಮೈದುನನನ್ನು ಅದಕ್ಕಿಂತ ಹೆಚ್ಚು ಬೈದರು.

ಆಕೆ ಮಾತ್ರ ಯಾರನ್ನೂ ಬೈಯಲಿಲ್ಲ. ಸಂಜೆ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಕೂತಳು. "ಈಗ ಅದು ಓಡೇತಿ," ಅಂದಳು. "ಸಿಕ್ಕರ ನಾ ತೆರೀತೀನಿ."

ಅಲ್ಲಿಂದ ಶುರುವಾದದ್ದು ಆ ಬೇಗುದಿ. ಟಗರು ಸಾಯಲಿಲ್ಲ, ಸಿಗಲೂ ಇಲ್ಲ. ಕಾಲುವೆಯ ಹತ್ತಿರ ಯಾರೋ ಕಂಡೆ ಅಂದರು. ಕುರಿ ಹಿಂಡಿನಲ್ಲಿ ಸೇರಿದೆ ಅಂದರು, ಹೋಗಿ ನೋಡಿದರೆ ಇರಲಿಲ್ಲ. ತೋಳ ತಿಂದಿತು ಅಂದವನಿಗೆ ಆಕೆ ಎಲೆಯ ಉಗುಳು ಉಗುಳಿ, "ಎಲುಬು ತಗೊಂಡ ಬಾ, ನಂಬ್ತೀನಿ," ಅಂದಳು. ಪ್ರತಿಸಂಜೆ ಮೈದುನ ಓಣಿಯಲ್ಲಿ ಬರುವಾಗ, "ಸಿಕ್ತೇನೋ?" ಅವನು ಕೊನೆಕೊನೆಗೆ ಓಣಿ ಬಿಟ್ಟು ಹಿತ್ತಲ ದಾರಿ ಹಿಡಿದ. ನನ್ನನ್ನೂ ಬಿಡಲಿಲ್ಲ. ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಗೋಡೆಯಾಚೆಯಿಂದ, "ಸಾಲಿ ಹುಡುಗೂರ ಏನರ ನೋಡಿದ್ರೇನ?" ಕಬ್ಬು ಎತ್ತರವಾಗುತ್ತ ಹೋಯಿತು. ಕಟಾವಿನ ತನಕ ಯಾರೂ ಒಳಗೆ ಹೋಗಿ ಹುಡುಕುವ ಹಾಗಿರಲಿಲ್ಲ. ನನಗೂ ಆ ಕಬ್ಬನ್ನು ನೋಡದೆ ಪಾಠದ ತಯಾರಿ ಮಾಡಲು ಆಗುತ್ತಿರಲಿಲ್ಲ. ಮಾಂಸ ಮುಟ್ಟದ ನಾನು ಒಂದು ಟಗರಿಗಾಗಿ ಕಿಟಕಿ ಕಾಯುತ್ತಿದ್ದೆ.

ಮಳೆ ಹಿಡಿಯುವ ಹೊತ್ತಿಗೆ ಆಕೆಯ ಕಾಲು ಬಾತುಕೊಂಡವು. ಮಹಾಲಿಂಗಪುರದ ದವಾಖಾನೆಗೆ ಒಯ್ದು ತಂದರು. ಗಾಡಿಯಿಂದ ಇಳಿಯುವಾಗ ಮೊದಲ ಮಾತು, "ಸಿಕ್ತೇನೋ?"

ಅದಾಗಿ ಒಂದು ಮಧ್ಯಾಹ್ನ ನನ್ನನ್ನು ಕರೆದಳು. ಕಟ್ಟೆಯವರೆಗೂ ಬರಲಾಗದೆ ಒಳಗೆ ಮಲಗಿದ್ದಳು.

"ಅದು ಸಿಗೂ ಮೊದಲ ನಾ ಹ್ವಾದ್ರ ಹೆಂಗವ್ವಾ?"

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಹೋದ್ರ ಹೋದ್ರಿ ಆಯಿ. ಟಗರು ನಿಮಗ ಕಾಯಾಂಗಿಲ್ಲ," ಅಂದೆ.

ಆಕೆ ಬಹಳ ಹೊತ್ತು ನಕ್ಕಳು, ಕೆಮ್ಮು ಬರುವ ತನಕ. "ಹಿಂಗ ಮಾತಾಡ್ತೀ ಅಂತನ ನಿನ್ನ ಕೂಡ ಮಾತಾಡ್ತೀನಿ." ಆಮೇಲೆ ನನ್ನ ಕೈ ಎಳೆದು ಹೆಬ್ಬೆರಳನ್ನು ಅಲಗಿನ ಮೇಲಿನ ಸವೆದ ಗೀರಿನ ಮೇಲಿಟ್ಟಳು. "ಮೊದಲ ಹಿಂದಕ್ಕ ಒತ್ತು. ಆಮ್ಯಾಲ ಮ್ಯಾಲಕ್ಕ. ಜೋರ ಮಾಡಬ್ಯಾಡ."

ಅಲಗು ಜೋಳದ ಕಾಳಿನಷ್ಟು ಎದ್ದಿತು. "ಸಾಕು, ಬಿಡು," ಅಂದಳು. ಟಕ್.

ಶ್ರಾವಣದಲ್ಲಿ ತೀರಿಕೊಂಡಳು. ಮಣ್ಣು ಕೊಡುವಾಗ ಹೆಂಗಸರು ಎಲೆಸಂಚಿಯನ್ನೂ ಚಾಕನ್ನೂ ಆಕೆಯ ಜೊತೆಗೇ ಇಟ್ಟುಬಿಡಿ ಅಂದರು. ಸಂಚಿ ಇಟ್ಟರು. ಮೈದುನ ಚಾಕು ಕೊಡಲಿಲ್ಲ.

"ಟಗರು ಇನ್ನ ಹೊರಗೈತಿ," ಅಂದ.

ದೀಪಾವಳಿ ದಾಟಿ ಕಟಾವು ಶುರುವಾಯಿತು. ಕಬ್ಬಿನ ಗ್ಯಾಂಗಿನವರು ಸುತ್ತಲಿಂದ ಕಡಿಯುತ್ತ ಬಂದ ಹಾಗೆ ಹೊಲದ ನಡುವೆ ಒಂದು ಮನೆಯಷ್ಟು ಕಬ್ಬು ಮಾತ್ರ ಉಳಿಯಿತು. ಒಳಗಿದ್ದದ್ದೆಲ್ಲ ಅಲ್ಲಿ ಸೇರಿರುತ್ತದೆ. ಅವತ್ತು ಭಾನುವಾರ, ಊರು ಊರೇ ಬದುವಿನ ಮೇಲೆ. ಮೊದಲು ಮೊಲ ಬಂದವು, ಕಿವಿ ಬೆನ್ನಿಗೆ ಹಚ್ಚಿ, ನಮ್ಮ ಕಾಲಸಂದಿಯಿಂದಲೇ ಎನ್ನುವ ಹಾಗೆ. ಯಾರೂ ಕದಲಲಿಲ್ಲ. ಗಂಡಸರು ನಾಯಿಗಳ ಪಟ್ಟಿ ಬಿಗಿಹಿಡಿದು ನಿಂತಿದ್ದರು. ಮೊಲಗಳು ಹೋದವು. ಆಮೇಲೆ ಕೊನೆಯ ಸಾಲಿನಿಂದ ಅದು ಹೊರಗೆ ಬಂತು. ಮೈತುಂಬ ಉಣ್ಣೆ ಬೆಳೆದು ಗಂಟುಗಂಟಾಗಿ, ಕೋಡಿನಲ್ಲಿ ರವದಿ ಸಿಕ್ಕಿಕೊಂಡು, ಯಾರ ಮನೆಯದೂ ಅಲ್ಲದ ಒಂದು ಪ್ರಾಣಿ. ಅದು ಓಡಿತು ನೋಡಿ! ಸಂತೆಯಿಂದ ತಂದ ಟಗರು ಅದಾಗಿರಲಿಲ್ಲ. ಈ ಸಲ ಇವರು ಬೆನ್ನಟ್ಟಲಿಲ್ಲ. ಮೈದುನ ಮೊದಲೇ ಕಾಲುವೆಯ ಕಡೆ ಜನ ನಿಲ್ಲಿಸಿದ್ದ. ಗಾಳಿ ನೋಡಿ ನಿಲ್ಲಿಸಿದ್ದ.

ಹಿಡಿದು ತಂದರು. ಮಾಡುವುದನ್ನೆಲ್ಲ ಮಾಡಿದರು, ನಾನು ಆ ಕಡೆ ನೋಡಲಿಲ್ಲ. ಆಮೇಲೆ ಮೈದುನ ಬಗಲಕಿಸೆಯಿಂದ ಚಾಕು ತೆಗೆದ. ಉಗುರು ಹಾಕಿ ಎಳೆದ. ಬರಲಿಲ್ಲ. ಇನ್ನೊಬ್ಬ ಎಳೆದ, ಉಗುರು ಮುರಿದುಕೊಂಡ. ಇಷ್ಟು ವರ್ಷ ಒಂದೇ ಬೆರಳಿಗೆ ಒಗ್ಗಿದ ಚಾಕು. ಒಬ್ಬ ಇಕ್ಕಳ ತರಲು ಹೊರಟ.

"ತರ್ರಿ ಇಲ್ಲಿ," ಅಂದೆ.

ಹಿಂದಕ್ಕೆ ಒತ್ತಿದೆ, ಆಮೇಲೆ ಮೇಲಕ್ಕೆ. ಕಾಳಿನಷ್ಟು ಎದ್ದಿತು. ಬಿಡಲಿಲ್ಲ. ಪೂರ್ತಿ ತೆರೆದೆ. ಮಸೆದು ಮಸೆದು ಬೇವಿನ ಎಲೆಯಷ್ಟೇ ಉಳಿದ ಒಂದು ತೆಳ್ಳನೆಯ ಅಲಗು, ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಒಂದು ಚುಕ್ಕೆ ತುಕ್ಕಿರಲಿಲ್ಲ.

ಕೊಯ್ದವನು ಮೈದುನ. ಕೀಲು ಹುಡುಕುತ್ತ, ತಡವರಿಸುತ್ತ, ಬೈದುಕೊಳ್ಳುತ್ತ, ಆದರೆ ಎಲುಬು ಕಡಿಯದೆ. ಮುತ್ತಲ ಎಲೆಯ ಮೇಲೆ ಗುಡ್ಡೆಗಳು ಬಿದ್ದವು. ಬೆನ್ನು ತಿರುಗಿಸಿ ಕೂಡುವವರು ಯಾರು ಅಂತ ಮಾತು ಹತ್ತಿತು. ಅಲ್ಲಿದ್ದವರಿಗೆಲ್ಲ ಒಂದೊಂದು ಪಾಲು ಇತ್ತು, ಯಾರ ಮೇಲೂ ಯಾರಿಗೂ ಭರವಸೆ ಇರಲಿಲ್ಲ.

"ಅಕ್ಕೋರ ಕುಂದರ್ಲಿ," ಅಂದ ಮೈದುನ. "ಅವರು ತಿನ್ನೂದಿಲ್ಲ. ಸುಳ್ಳ ಹೇಳೂದೂ ಇಲ್ಲ."

ಆಕೆಯ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತೆ. ಹಿಂದಿನಿಂದ ಕೋಲು ಎಲೆಗೆ ತಾಕಿದ ಸಪ್ಪಳ.

"ಇದು ಯಾರದು?"

ಒಂದು ಹೆಸರು ಹೇಳಿದೆ. ಯಾರೋ ಎತ್ತಿಕೊಂಡರು. "ಇದು ಯಾರದು?" ಇನ್ನೊಂದು ಹೆಸರು. ನಾಯಿಯದು. ಹೊಲದ್ದು. ನೆಗೆಣ್ಣಿಯದು. ಯಾರ ಮುಖ ಸಣ್ಣದಾಯಿತೋ ಯಾರದು ಅರಳಿತೋ ನನಗೆ ಕಾಣಲಿಲ್ಲ. ಹೆಜ್ಜೆಗಳು ಒಂದೊಂದಾಗಿ ದೂರವಾದವು.

ಕೊನೆಗೆ ಮೈದುನನ ದನಿ ಸ್ವಲ್ಪ ತಗ್ಗಿತು. "ಇದು ಯಾರದು?"

"ಚಾಕಿಂದು," ಅಂದೆ.

ಯಾರೂ ಎತ್ತಿಕೊಂಡ ಸಪ್ಪಳ ಬರಲಿಲ್ಲ. ಎಲ್ಲ ಪಾಲು ಏಳುವವರೆಗೆ ತಿರುಗುವ ಹಾಗಿಲ್ಲ, ಹಾಗಾಗಿ ನಾನು ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತ ಕೂತಿದ್ದೆ. ಹಿಂದೆ ಬಿಸಿನೀರು ಸುರಿದ ಸಪ್ಪಳವಾಯಿತು. ಕಸಬರಿಗೆಯ ಕಡ್ಡಿಯಿಂದ ಏನೋ ಕೆರೆಯುವುದು ಕೇಳಿಸಿತು, ಬಹಳ ಹೊತ್ತು. ಆಮೇಲೆ ಎಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟರು.

ಟಕ್.